ಹಧಿಕಾರಿ

‘ಅಧಿಕಾರಿ’ ಎಂಬ ಮಾತನ್ನು ಬಾಯಿಗೆ ತಾರದೆ ಅಧಿಕಾರಿಗಳ ಮುಂದೆ ಮಾತಾಡುವುದು ಹೇಗೆ ಎಂದು ಮಧುಶ್ರೀ ಬೆಳಗ್ಗೆ ಎದ್ದಾಗಿನಿಂದ ಯೋಚಿಸುತ್ತಿದ್ದಳು. ಸಾಹೇಬರೇ ಎಂದರೆ ಕಚೇರಿಯ ಬಾಗಿಲಲ್ಲಿ ಕೈಕಟ್ಟಿ ನಿಂತ ಹಾಗಾಗುತ್ತದೆ. ಸರ್ ಎನ್ನೋಣವೆಂದರೆ ಪಂಚಾಯಿತಿಯ ಪಿಡಿಒ ಹೆಂಗಸು, ಅಧ್ಯಕ್ಷೆಯೂ ಹೆಂಗಸು. ಸಭೆಗೆ ನಮಸ್ಕಾರ ಎಂದು ಒಂದು ಸಲ ಕೈಮುಗಿದು ನೆಟ್ಟಗೆ ಬಸ್ಸಿನ ವಿಷಯಕ್ಕೆ ಬಂದುಬಿಟ್ಟರೆ ಹೇಗೆ? ನಲ್ಲಿಯ ಕೆಳಗೆ ಕೊಡವಿಟ್ಟು ಮನಸ್ಸಿನಲ್ಲೇ ಮಾತು ಹೆಣೆಯತೊಡಗಿದಳು. ಸ್ವಲ್ಪ ದೂರ ಸರಾಗವಾಗಿ ಹೋಯಿತು. ಆಮೇಲೆ, ಈ ಬಸ್ಸನ್ನು ಬಿಡಬೇಕಾದವರು ಯಾರು ಎಂದು ಹೇಳಲೇಬೇಕಾಗಿ ಬಂತು; ಬೇಡವೆಂದು ದೂರ ಇಟ್ಟಿದ್ದ ಮಾತು ಕರೆಯದೆಯೇ ಬಂದು ಎದುರಿಗೆ ನಿಂತಿತು. ಕೊಡ ತುಂಬಿ ಹರಿದು ಅವಳ ಕಾಲು ನೆನೆಯಿತು.

“ಒಬ್ಬೊಬ್ಳೆ ಏನಮ್ಮಿ ಗೊಣಗ್ತಾ ಇದ್ದೀಯೆ? ನೀರೆಲ್ಲಾ ಓಯ್ತಾ ಅದೆ ನೋಡಲ್ಲಿ,” ಎಂದು ತಾಯಿ ಶಿವಮ್ಮ ಒಲೆಯ ಮುಂದಿನಿಂದಲೇ ಕೂಗಿದಳು.

“ಏನಿಲ್ಲ ಹೋಗವ್ವ.”

“ಗ್ರಾಮಸಭೆಗೆ ಅದಿಕಾರಿಗೋಳು ಎಷ್ಟೊತ್ತಿಗೆ ಬತ್ತರಂತೆ?”

ಶಿವಮ್ಮ ಆ ಮಾತನ್ನು ರೊಟ್ಟಿ ಮಗುಚುತ್ತ ಅಂದಳು. ಒಂದು ಅಕ್ಷರ ತುಸು ತೆಳುವಾಯಿತು, ಅಷ್ಟೇ. ಮೊದಲಿನ ಅಕಾರ ಎಲ್ಲಿರಬೇಕೋ ಅಲ್ಲಿ ತಣ್ಣಗೆ ಕೂತಿತ್ತು. ಮಧುಶ್ರೀಗೆ ತಾಯಿಯ ಮೇಲೆ ಹೊಟ್ಟೆಕಿಚ್ಚಾಯಿತು. ಈ ಸೀಮೆಯಲ್ಲಿ ಯಾರ ನಾಲಿಗೆಗೂ ಹಕಾರದ ಹಂಗಿಲ್ಲ. ಬೋರ್ಡಿನ ಮೇಲೆ ಹೊಸಕಟ್ಟೆಹುಂಡಿ ಎಂದು ಬರೆದಿರುವ ಊರನ್ನು ಊರಿನವರು ಒಸಕಟ್ಟುಂಡಿ ಎನ್ನುತ್ತಾರೆ. ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ, ಯಾರಿಗೂ ಅರ್ಥವಾಗದೆ ಹೋಗುವುದಿಲ್ಲ. ತನ್ನ ಮಾತಿನಲ್ಲಿ ಏನೋ ಒಂದು ಕಡಿಮೆ ಇದೆಯೆಂದು ಅವಳಿಗೆ ಗೊತ್ತಾದದ್ದೇ ಕೊಳ್ಳೇಗಾಲದ ಕಾಲೇಜು ಸೇರಿದ ಮೇಲೆ. ಮೊದಲ ವಾರವೇ ಲೆಕ್ಚರರು ಎದ್ದು ನಿಂತು ಓದು ಎಂದಿದ್ದರು. ಅವಳು ‘ಅಳ್ಳಿಯ ಇರಿಯರು’ ಎಂದು ಓದಿದಳು. “ಏನಮ್ಮಾ, ಹಕಾರವನ್ನು ಬಸ್ಸಿನಲ್ಲೇ ಬಿಟ್ಟು ಇಳಿದುಬಿಟ್ಟೆಯಾ?” ಎಂದು ಅವರು ಕೇಳಿದ್ದು ತಮಾಷೆಗೇ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಕ್ಕವರಲ್ಲಿ ಅರ್ಧ ಜನಕ್ಕೆ ಹಕಾರವಿರಲಿಲ್ಲ ಎಂಬುದು ಅವಳಿಗೆ ಆಮೇಲೆ ಹೊಳೆಯಿತು. ಅಂದಿನಿಂದ ಮಧುಶ್ರೀ ಹಿತ್ತಲಿನಲ್ಲಿ ಪಾತ್ರೆ ತೊಳೆಯುವಾಗಲೆಲ್ಲ ಹಸು, ಹಾಲು, ಹುಲ್ಲು, ಹೊಲ ಎಂದು ನಾಲಿಗೆ ತಿದ್ದತೊಡಗಿದಳು. ಮೂರು ವರ್ಷಕ್ಕೆ ಡಿಗ್ರಿ ಬಂತು, ಹಕಾರವೂ ಬಂತು. ಸಮಾಧಾನವಾಗಿರುವಾಗ ಅದು ಹೇಳಿದ ಕಡೆ ಬಂದು ಕೂರುತ್ತಿತ್ತು. ಸಿಟ್ಟೋ ಭಯವೋ ಹತ್ತಿಕೊಂಡರೆ ಮಾತ್ರ ಎಲ್ಲಿ ಬೇಕು ಎಲ್ಲಿ ಬೇಡ ಎಂದು ನೋಡದೆ ಬೀಳುತ್ತಿತ್ತು, ಹೊಸದಾಗಿ ಅಡಿಗೆ ಕಲಿತವಳು ಗಾಬರಿಯಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದ ಹಾಗೆ.

“ಹನ್ನೊಂದಕ್ಕೆ ಅಂತ ಹೇಳವ್ರೆ,” ಎಂದಳು. ಶಿವಮ್ಮ ಮಗಳ ಹಕಾರಗಳನ್ನು ಕೇಳಿ ಒಂದು ಕಾಲದಲ್ಲಿ ಹೆಮ್ಮೆಪಡುತ್ತಿದ್ದಳು. ಈಗ ಅವಳೂ ಒಲೆಯ ಕಡೆ ಮುಖ ತಿರುಗಿಸಿಕೊಂಡಳು.

ತಿಂಗಳ ಹಿಂದೆ ಆ ಮಾತು ತಪ್ಪಿದ್ದು ಗೇಟಿನ ದಾರಿಯಲ್ಲಿ. ಮೊದಲೆಲ್ಲ ಸಂಜೆಯ ಬಸ್ಸು ಕೊಳ್ಳೇಗಾಲದಿಂದ ಹೊರಟು, ಊರೊಳಕ್ಕೆ ಬಂದು, ಶಾಲೆಯ ಮುಂದೆ ತಿರುಗಿಸಿಕೊಂಡು ಯಳಂದೂರಿನ ಕಡೆ ಹೋಗುತ್ತಿತ್ತು. ಈಚೆಗೆ ಅದು ಊರೊಳಕ್ಕೆ ಬರುವುದು ನಿಂತುಹೋಗಿ, ದೊಡ್ಡ ರಸ್ತೆಯ ಮೇಲೆ, ಊರ ದಾರಿ ಕೂಡುವ ಹುಂಡಿ ಗೇಟಿನಲ್ಲೇ ಇಳಿಸಿಬಿಡುತ್ತಿತ್ತು. ಗೇಟಿನಿಂದ ಊರಿನ ತನಕ ಎರಡು ಕಡೆಯೂ ಆಳೆತ್ತರದ ಕಬ್ಬು, ಒಂದು ದೀಪವಿಲ್ಲ. ಕೊಳ್ಳೇಗಾಲದಲ್ಲಿ ಜೆರಾಕ್ಸ್ ಅಂಗಡಿಯ ಕೆಲಸ ಮುಗಿಸಿದ ಮಧುಶ್ರೀಯೂ ಪಿಯುಸಿ ಎರಡನೆಯ ವರ್ಷದ ಮಂಗಳಳೂ ಆ ದಾರಿಯಲ್ಲಿ ಕೈ ಹಿಡಿದುಕೊಂಡು ನಡೆಯುತ್ತಿದ್ದರು. ಮಂಗಳ ಪಕ್ಕದ ಬೀದಿಯ ಮುತ್ತಯ್ಯನ ಮಗಳು, ಆ ಬೀದಿಯಿಂದ ಸೈನ್ಸ್ ಓದಲು ಹೋದ ಮೊದಲ ಹುಡುಗಿ. ದಾರಿಯುದ್ದಕ್ಕೂ ಏನಾದರೂ ಹೇಳಿ ನಗುವವಳು, ಕಬ್ಬಿನೊಳಗೆ ಹಂದಿ ಸರಿದ ಸದ್ದಾದರೆ ಮಾತ್ರ ಸುಮ್ಮನಾಗಿ ಮಧುಶ್ರೀಯ ತೋಳನ್ನು ಉಗುರು ನಾಟುವಂತೆ ಹಿಡಿಯುತ್ತಿದ್ದಳು. ಒಂದು ಸಂಜೆ ಎದುರಿನಿಂದ ಬಂದ ಬೈಕಿನವರು ದೀಪ ಆರಿಸಿ ಪಕ್ಕದಲ್ಲೇ ನಿಧಾನವಾಗಿ ಬಂದರು. ಏನೂ ಮಾಡಲಿಲ್ಲ, ನಕ್ಕು ಹೋದರು. ಮಧುಶ್ರೀಗೆ ಮೈಯೆಲ್ಲ ಉರಿಯಿತು. ಫೋನು ಎತ್ತಿ, ಹಿಂದೆ ಮಂಗಳ, ಅವಳ ಹಿಂದೆ ಕಬ್ಬು ಕಾಣುವಂತೆ ಹಿಡಿದು, ಏನೂ ಯೋಚಿಸದೆ, ಸಂಜೆ ಬಸ್ಸು ಊರೊಳಕ್ಕೆ ಬರುತ್ತಿಲ್ಲವೆಂದು ಹೇಳಿ ಕೇಳಿದಳು: “ಹಧಿಕಾರಿಗಳೇ, ಒಂದು ದಿನ ಈ ದಾರೀಲಿ ನಿಮ್ಮ ಮಗಳನ್ನ ಕಳಿಸ್ತೀರಾ?”

ಅವಳು ತನ್ನ ಜೀವಮಾನದಲ್ಲಿ ಆಡಿದ ಒಳ್ಳೆಯ ಮಾತುಗಳಲ್ಲಿ ಅದೊಂದು. ಆ ರಾತ್ರಿ ವಿಡಿಯೋವನ್ನು ಎಲ್ಲರಿಗೂ ಕಾಣುವಂತೆ ಹಾಕಿದಾಗ ಅವಳಿಗೆ ಹೆಮ್ಮೆಯೂ ಆಗಿತ್ತು. ಅದಕ್ಕೆ ಮೊದಲು ಅವಳು ಇನ್‌ಸ್ಟಾಗ್ರಾಮಿನಲ್ಲಿ ಬೇಕಾದಷ್ಟು ನೋಡಿದ್ದಳು. ಎಲ್ಲೋ ಯಾರೋ ಹುಡುಗಿ ರಸ್ತೆಯ ಗುಂಡಿಯ ಪಕ್ಕ ನಿಂತು ಪ್ರಶ್ನೆ ಕೇಳುವುದು, ಮರುದಿನ ಜಲ್ಲಿ ಲಾರಿ ಬರುವುದು. ಸಂವಿಧಾನದ ವಿಧಿಗಳನ್ನು ಪರೀಕ್ಷೆಗೆ ಓದಿ ಮರೆತಿದ್ದವಳು ಹಾಗೆ ನೋಡಿ ನೋಡಿ, ಕೇಳುವುದಕ್ಕೆ ನನಗೂ ಹಕ್ಕಿದೆ ಎಂದುಕೊಂಡಿದ್ದಳು. ಮಾರನೆಯ ಬೆಳಗ್ಗೆ ಫೋನು ತೆರೆದರೆ ನೋಡಿದವರ ಲೆಕ್ಕ ಸಾವಿರ ದಾಟಿತ್ತು, ಸಂಜೆಗೆ ಲಕ್ಷದ ಕಡೆ ಓಡುತ್ತಿತ್ತು. ಬಸ್ಸು ಬಂದೇಬಿಟ್ಟಿತು ಎಂದುಕೊಂಡಳು. ಆಮೇಲೆ ಕೆಳಗಿನ ಕಾಮೆಂಟುಗಳನ್ನು ಓದಿದಳು. ಎಲ್ಲರೂ ಬರೆದದ್ದು ಒಂದೇ ಶಬ್ದ. ಅವಳ ಜೊತೆಯಲ್ಲೇ ಓದಿದ ನಟರಾಜು, ‘ಉಂಡಿ ಐಕ್ಳು’ ಎಂದು ತಮಾಷೆಯ ಪೇಜು ನಡೆಸುವವನು, ಆ ಒಂದು ಶಬ್ದವನ್ನಷ್ಟೇ ಕತ್ತರಿಸಿ, ತಮಟೆಯ ಏಟಿಗೆ ಕೂರಿಸಿ ಬಿಟ್ಟಿದ್ದ. ಹಧಿಕಾರಿ, ಹಧಿಕಾರಿ, ಹಧಿಕಾರಿ. ಅದಕ್ಕೆ ಎಲ್ಲೆಲ್ಲಿಯವರೋ ಕುಣಿದರು. ಮದುವೆ ಮನೆಯಲ್ಲಿ ಮದುಮಗ ಕುಣಿದ. ಯಾರೋ ತಮ್ಮ ಮೇಕೆಮರಿಯನ್ನು ಕುಣಿಸಿದರು. ಫ್ರೀ ಬಸ್ಸು ಸಾಲದು, ಮನೆ ಬಾಗಿಲಿಗೇ ಬೇಕಂತೆ ಎಂದು ಬರೆದಿದ್ದವನೊಬ್ಬನೇ ಅವಳು ಏನು ಕೇಳಿದ್ದಳೆಂದು ಗಮನಿಸಿದವನು.

ಅಂಗಡಿಯಲ್ಲಿ ಅವಳ ಕೆಲಸ ಅರ್ಜಿ ಟೈಪ್ ಮಾಡುವುದು. ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸಂಬಂಧಪಟ್ಟ ಅಧಿಕಾರಿಗಳು ಕ್ರಮ ಕೈಗೊಳ್ಳಬೇಕಾಗಿ ಎಂದು ಬೆರಳು ತಾನಾಗಿ ಬಡಿಯುತ್ತಿತ್ತು. ಆ ಶಬ್ದದ ಹತ್ತಿರ ಬಂದಾಗ ಎದುರಿಗೆ ಕೂತ ಗಿರಾಕಿ ನಗುತ್ತಿರಬಹುದೇ ಎಂದು ಕಣ್ಣೆತ್ತದೆ ಕೂರುವುದು ಅಭ್ಯಾಸವಾಯಿತು. ಮಾಲೀಕ ದೊರೆಸ್ವಾಮಿ ಒಳ್ಳೆಯವನೇ. “ಬೇಜಾರ್ ಮಾಡ್ಕಬ್ಯಾಡ ಕಣಮ್ಮಿ, ನಿನ್ ದೆಸೆಯಿಂದ ಗಿರಾಕಿ ಎಚ್ಚಾಗವ್ರೆ,” ಎಂದು ಸಮಾಧಾನ ಹೇಳಿದ. ಅದನ್ನು ಕೇಳಿ ಅವಳಿಗೆ ಇನ್ನೂ ಬೇಜಾರಾಯಿತು. ರಜೆ ಹಾಕಿ ಬಸ್ಸಿನ ಡಿಪೋಗೆ ಹೋದರೆ, ಅಲ್ಲಿ ಕೂತಿದ್ದವರು ಅವಳ ಮುಖ ನೋಡಿದ್ದೇ ಕುರ್ಚಿ ಹಿಂದಕ್ಕೆ ಸರಿಸಿ, “ಓ, ನೀನೇ ಅಲ್ವಾ ಅದು! ನಮ್ಮನೇಲಿ ಮಕ್ಕಳೆಲ್ಲಾ ನೋಡ್ತಾರೆ,” ಎಂದು ಟೀ ತರಿಸಿದರು. ಒಂದು ಗಳಿಗೆ ಅವಳಿಗೆ ಜೀವ ಬಂದ ಹಾಗಾಯಿತು. “ಏನು ಕೇಳಿದ್ದೆ ಅದರಲ್ಲಿ? ನೀರಲ್ವಾ?” ಎಂದು ಅವರು ಕೇಳಿದರು. ಬಸ್ಸು ಸಾರ್ ಎಂದಳು. ಅವರಿಗೆ ನಾಚಿಕೆಯಾಗಿರಬೇಕು, ನಿಜವಾದ ದಾರಿಯನ್ನು ಹೇಳಿಕೊಟ್ಟರು: ವಿಡಿಯೋ ನೋಡಿ ಬಸ್ಸು ಬಿಡೋಕಾಗಲ್ಲ, ಗ್ರಾಮಸಭೆಯಲ್ಲಿ ಇಷ್ಟು ಜನಕ್ಕೆ ಬೇಕು ಅಂತ ಕೈ ಎತ್ತಿಸಿ ಠರಾವು ಮಾಡಿಸಿ ತಾ, ಮೇಲಕ್ಕೆ ಕಳಿಸ್ತೀನಿ. ಲಕ್ಷ ಜನ ನೋಡಿದ್ದರು. ಗೇಲಿ ಮಾಡಿದ ಆ ಒಬ್ಬನನ್ನು ಬಿಟ್ಟರೆ ಯಾರಿಗೂ ಬಸ್ಸು ಕಂಡಿರಲಿಲ್ಲ.

ಗ್ರಾಮಸಭೆಯೆಂದರೆ ಹೊಸಕಟ್ಟೆಹುಂಡಿಯಲ್ಲಿ ಶಾಮಿಯಾನ, ಖಾಲಿ ಕುರ್ಚಿ, ಬಿಸಿಲು. ಹೋದ ಸಲ ಪಿಡಿಒ ಮೇಡಂ ಮಧ್ಯಾಹ್ನದವರೆಗೆ ಕಾದು, ಕೋರಂ ಇಲ್ಲ, ಬೇಕಾದಷ್ಟು ಜನ ಸೇರಿಲ್ಲ ಎಂದು ಮುಂದಕ್ಕೆ ಹಾಕಿ ಹೋಗಿದ್ದರು. ಆ ಸಲ ಮಧುಶ್ರೀಯೂ ಹೋಗಿರಲಿಲ್ಲ. ಮನೆಯಲ್ಲೇ ಮಂಚದ ಮೇಲೆ ಬಿದ್ದುಕೊಂಡು, ಇನ್ಯಾವುದೋ ರಾಜ್ಯದಲ್ಲಿ ಹುಡುಗರು ಬೀದಿಗಿಳಿದ ವಿಡಿಯೋ ನೋಡಿ ಕಣ್ಣು ತುಂಬಿಕೊಂಡಿದ್ದಳು. ಶಾಲೆಯ ಮೈದಾನ ಮನೆಯಿಂದ ಕೂಗಳತೆಯ ದೂರ. ಮೈಕಿನ ಸದ್ದು ಕಿಟಕಿಯಲ್ಲಿ ಬರುತ್ತಿದ್ದುದು ಅವಳಿಗೆ ಚೆನ್ನಾಗಿ ನೆನಪಿದೆ. ಕಿವಿಗೆ ಇಯರ್‌ಫೋನು ಹಾಕಿಕೊಂಡದ್ದೂ ನೆನಪಿದೆ.

ತಲೆ ಬಾಚಿಕೊಳ್ಳುವಾಗ ಮುತ್ತಯ್ಯನ ಮುಖ ಬಂತು. ಅವನ ಮನೆಗೆ ಹೋಗಿ ವಾರವಾಗಿತ್ತು. ಮಂಗಳ ಕಾಲೇಜು ಬಿಟ್ಟಿದ್ದಾಳೆಂದು ಕೇಳಿ ಹೋದದ್ದು. ಮುತ್ತಯ್ಯ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಬಸ್ಸಿಲ್ಲ ಅಂತ ನಾನು ಬುಡಿಸ್ನಿಲ್ಲ ಕಣ್ ಕೂಸು,” ಅಂದ. “ಕತ್ಲಾದ್ರೆ ಏನಾಯ್ತು, ನಮ್ಮೂರ್ ದಾರಿಯೇ ಅಲ್ವಾ ಅಂತ ಸುಮ್ಕಿದ್ದೆ. ಈಗ ನೋಡು, ಗೇಟ್‌ತಾವ ಐಕ್ಳು ಫೋನ್ ಇಡ್ಕಂಡು ಕಾಯ್ತಾ ನಿಂತವ್ರೆ. ಹಧಿಕಾರಿ ಬಂದ್ಳಾ, ಹಧಿಕಾರಿ ಜತೆಯೋಳು ಬಂದ್ಳಾ ಅಂತಾರಂತೆ. ನನ್ ಮಗಳು ಏನ್ ತಪ್ಪು ಮಾಡಿದ್ಳವ್ವ?” ಆ ಶಬ್ದವನ್ನು ಅವನೂ ಆಡಿದ. ಹಕಾರ ಹಾಕಿ, ಕಷ್ಟಪಟ್ಟು, ಅದೇ ಆ ಪದ ಇರಬೇಕಾದ ರೀತಿ ಎಂಬಂತೆ ಆಡಿದ. ಮಧುಶ್ರೀ ತಲೆ ತಗ್ಗಿಸಿ ನಿಂತಳು. ಹಿಂದೆ ಮಂಗಳ ಕಾಣಲಿ ಎಂದು ಫೋನನ್ನು ಓರೆಯಾಗಿ ಹಿಡಿದಿದ್ದವಳು ತಾನು, ಹೇಳಿರಲಿಲ್ಲ, ಕೇಳಿರಲಿಲ್ಲ. ಹೆದರಿದ ಮುಖವೊಂದು ಹಿಂದೆ ಇದ್ದರೆ ನೋಡಿದವರ ಮನಸ್ಸು ಕರಗುತ್ತದೆ ಎಂದು ತನಗೆ ಆ ಹೊತ್ತಿನಲ್ಲೂ ಹೊಳೆದಿತ್ತಲ್ಲ ಎಂಬುದು ಅವಳನ್ನು ಚುಚ್ಚುತ್ತಿತ್ತು.

ಬೆಳಗಾದರೆ ಗಾರ್ಮೆಂಟ್ಸಿನ ವ್ಯಾನು ಊರೊಳಕ್ಕೆ ಬರುತ್ತದೆ. ಅದಕ್ಕೆ ಕಬ್ಬಿನ ದಾರಿ ಅಡ್ಡ ಬರುವುದಿಲ್ಲ, ಮನೆ ಬಾಗಿಲಿಗೇ ಬಂದು ಹಾರನ್ ಹೊಡೆದು, ಸಂಜೆ ಮನೆ ಬಾಗಿಲಿಗೇ ಇಳಿಸುತ್ತದೆ. ಮಂಗಳಳ ಓರಗೆಯವರು ಆಗಲೇ ಅದರಲ್ಲಿ ಹೋಗುತ್ತಿದ್ದರು. “ಗ್ರಾಮಸಭೇಲಿ ಬಸ್ಸಿಂದು ಏನಾರ ಗೊತ್ತಾದ್ರೆ ನೋಡಾಣ. ಇಲ್ದಿದ್ರೆ ಸೋಮಾರದಿಂದ ವ್ಯಾನ್ ಅತ್ಲಿ,” ಎಂದು ಮುತ್ತಯ್ಯ ಹಗ್ಗದ ಎಳೆ ಕೂಡಿಸುತ್ತ ಹೇಳಿದ್ದ. ಮಂಗಳ ಬಾಗಿಲ ಮರೆಯಲ್ಲಿ ನಿಂತಿದ್ದಳು. ನಗಲಿಲ್ಲ. ಮಧುಶ್ರೀ ಹೊರಡುವಾಗ ಹಿಂದೆಯೇ ಬೀದಿಯ ತನಕ ಬಂದು, “ಅಕ್ಕ, ನೀನು ಮಾತಾಡ್ತೀಯ ಅಲ್ವಾ?” ಎಂದು ಕೇಳಿದಳು. ಹೆದರಬೇಡ ಎಂದು ಹೇಳಿ ಬಂದಿದ್ದಳು ಮಧುಶ್ರೀ. ಹೆದರಿದ್ದವಳು ತಾನು.

ಸಭೆ ಈ ದಿನ. ನಾಳಿದ್ದು ಸೋಮವಾರ.

ಮೈದಾನದ ಕಡೆ ತಿರುಗುತ್ತಲೇ ಅವಳು ನಿಂತುಬಿಟ್ಟಳು. ಜನ ತುಂಬಿದ್ದರು. ಕುರ್ಚಿಗಳು ಸಾಲದೆ ಶಾಲೆಯ ಕಾಂಪೌಂಡಿನ ಮೇಲೂ ಕೂತಿದ್ದರು, ಬೈಕುಗಳು ಸಾಲಾಗಿ ನಿಂತಿದ್ದವು. ಹೆಚ್ಚಿನವರು ಅವಳ ವಯಸ್ಸಿನ ಹುಡುಗರು, ತಲೆಗೂದಲಿಗೆ ಏನೇನೋ ಮಾಡಿಸಿಕೊಂಡವರು, ಓಟಿನ ದಿನ ಬಿಟ್ಟರೆ ಶಾಲೆಯ ಮೈದಾನದ ಕಡೆ ತಲೆ ಹಾಕದವರು. ಅವಳಿಗೆ ಎದೆ ತುಂಬಿ ಬಂತು. ಊರಿಗೆ ಬಸ್ಸು ಬೇಕೆಂದು ಇವರಿಗೂ ಅನ್ನಿಸಿದೆಯಲ್ಲ, ತಾನೇ ಇವರನ್ನು ಕೀಳಾಗಿ ಕಂಡಿದ್ದೆ ಎಂದು ಒಳಗೇ ಕ್ಷಮೆ ಕೇಳಿಕೊಳ್ಳುತ್ತಿರುವಾಗ, ಶಾಲೆಯ ಗೇಟಿನ ಹತ್ತಿರ ನಿಂತಿದ್ದ ನಟರಾಜು ಎದುರಿಗೆ ಬಂದ.

“ನೋಡ್ದ್ಯಾ, ಎಂಗೆ ಸೇರ್ಸಿವ್ನಿ!” ಎಂದು ಫೋನು ತೋರಿಸಿದ. ಅವನ ಸ್ಟೇಟಸ್ಸಿನಲ್ಲಿ ಅವಳ ಮುಖವಿತ್ತು. ಕೆಳಗೆ ‘ಇಂದು ಹಧಿಕಾರಿ ಲೈವ್, ಗ್ರಾಮಸಭೆ, ತಪ್ಪದೆ ಬನ್ನಿ’ ಎಂದು ಬರೆದಿತ್ತು.

“ಯಾಕೋ ಹಿಂಗ್ ಮಾಡ್ದೆ?”

“ಕೋರಂ ಬೇಕು, ಜನ ಸೇರ್ಬೇಕು ಅಂತ ಮೊನ್ನೆ ನೀನೇ ಅಂದಿದ್ದೆ ತಾನೆ? ಬಂದವ್ರಲ್ಲ ಮತ್ತೆ,” ಅಂದ. ಅವನ ದನಿಯಲ್ಲಿ ಕೊಂಕು ಇರಲಿಲ್ಲ, ಸಹಾಯ ಮಾಡಿದವನ ಸಂತೋಷವಿತ್ತು, ಅದರ ಜೊತೆಗೆ ಲೈಕುಗಳ ಸಂತೋಷವೂ ಇತ್ತು. ಯಾವುದು ಎಷ್ಟು ಎಂದು ಅವನಿಗೇ ಗೊತ್ತಿದ್ದಂತಿರಲಿಲ್ಲ. “ಎಲ್ರೂ ಬಸ್ಸಿಗೆ ಅಂದಿದ್ರೆ ಬತ್ತಿದ್ರಾ? ನೀನೇ ಏಳು.” ಅವಳು ಮುಂದೆ ಹೋದಳು. ಬಸ್ಸಿಗೆ ಎಂದಿದ್ದರೆ ಯಾರೂ ಬರುತ್ತಿರಲಿಲ್ಲ. ಹೋದ ಸಲ ತಾನೇ ಬಂದಿರಲಿಲ್ಲವಲ್ಲ.

ಹೆಂಗಸರ ಸಾಲಿನಲ್ಲಿ ಕೂತಳು. ಪಿಡಿಒ ಮೇಡಂ ತುಂಬಿದ ಸಭೆ ನೋಡಿ ಬೆರಗಾಗಿ ಸೆರಗು ಸರಿಮಾಡಿಕೊಂಡರು. ತಾಲ್ಲೂಕಿನಿಂದ ಬಂದಿದ್ದ ನೋಡಲ್ ಅಧಿಕಾರಿ ವೇದಿಕೆಯ ನಡುವೆ ಕೂತು ಫೋನು ನೋಡುತ್ತಿದ್ದರು. ಚರಂಡಿ, ಜಾಬ್ ಕಾರ್ಡು, ಬೀದಿ ದೀಪ ಎಂದು ಓದುತ್ತಾ ಹೋದಂತೆ ಹಿಂದಿನಿಂದ ಆಕಳಿಕೆ, ಶಿಳ್ಳೆ, “ಮದುಶ್ರೀ, ಮದುಶ್ರೀ” ಎಂಬ ಕೂಗು. ಕಂಬದ ಪಕ್ಕ ಮಂಗಳ ನಿಂತಿದ್ದಳು. ಅವಳಿಂದ ದೂರ, ಬಿಸಿಲಿನಲ್ಲೇ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಮುತ್ತಯ್ಯ ನಿಂತಿದ್ದ. ಸಾರ್ವಜನಿಕರ ಅಹವಾಲು ಇದ್ದರೆ ಹೇಳಬಹುದು ಎಂದು ಮೇಡಂ ಮೈಕು ಕೆಳಗಿಟ್ಟರು. ಮಧುಶ್ರೀ ಎದ್ದು ಮೈಕಿನ ಹತ್ತಿರ ಹೋದಳು. ಸಭೆ ಗಪ್ಪಾಯಿತು. ಫೋನುಗಳು ಮೇಲೆ ಬಂದವು.

ಅವಳು ಚೆನ್ನಾಗಿ ಮಾತಾಡಿದಳು. ಬೆಳಗಿನಿಂದ ಹೆಣೆದದ್ದೆಲ್ಲ ಒಂದೂ ಮರೆಯದೆ ಬಂತು. ಸಂಜೆಯ ಬಸ್ಸು ಊರೊಳಗೆ ಬರುತ್ತಿದ್ದುದು, ನಿಂತುಹೋದದ್ದು, ಕಾಲೇಜಿನ ಹುಡುಗಿಯರು, ಆಸ್ಪತ್ರೆಗೆ ಹೋಗಿ ಬರುವ ಮುದುಕರು, ಕಬ್ಬಿನ ದಾರಿ. ಆ ಶಬ್ದದ ಹತ್ತಿರ ಬಂದಾಗ ಒಂದು ಉಸಿರು ತೆಗೆದುಕೊಂಡು, “ಸಂಬಂಧಪಟ್ಟ ಅಧಿಕಾರಿಗಳು ದಯವಿಟ್ಟು ಗಮನಿಸಬೇಕು,” ಎಂದಳು. ಟೈಪು ಮಾಡಿದಷ್ಟು ನೀಟಾಗಿ ಬಂತು. ಅವಳಿಗೇ ನಂಬಿಕೆಯಾಗಲಿಲ್ಲ. ಇಷ್ಟೇ ತಾನೇ, ಎಂದುಕೊಂಡು ತಲೆ ಎತ್ತಿದರೆ, ಹಿಂದಿನ ಸಾಲಿನವರು ಎದ್ದು ನಿಲ್ಲುತ್ತಿದ್ದರು.

“ಲೇ, ಸರ್ಯಾಗೇ ಅಂದ್ಬುಟ್ಳು ಕಣ್ಲಾ.”

“ಥೂ, ಇದ್ಕೆ ಬಂದ್ವಾ? ನಡೀಲಾ ಓಗಾಣ.”

ಫೋನುಗಳು ಜೇಬಿಗೆ ಇಳಿದವು. ಕಾಂಪೌಂಡಿನ ಮೇಲಿದ್ದವರು ಧೊಪ್ಪನೆ ಆಚೆ ಹಾರಿದರು, ಒಂದು ಬೈಕು ಸ್ಟಾರ್ಟಾಯಿತು, ಅದರ ಹಿಂದೆ ಇನ್ನೊಂದು. ಅಧ್ಯಕ್ಷೆ ಪಿಡಿಒ ಮೇಡಂ ಕಡೆ ಬಾಗಿ ಏನೋ ಅಂದರು. ಮೈಕು ಆನ್ ಆಗಿಯೇ ಇತ್ತು. “ಇಷ್ಟು ಜನಾನೂ ಹೋಗ್ಬಿಟ್ರೆ ಠರಾವು ಆಗಲ್ಲ ಅಧ್ಯಕ್ಷರೇ, ಮುಂದಿನ ಸಭೆಗೇ,” ಎಂದ ಮೇಡಂ ಮಾತು ಎಲ್ಲರಿಗೂ ಕೇಳಿಸಿತು. ಮುತ್ತಯ್ಯನಿಗೂ ಕೇಳಿಸಿತು. ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡು ಮನೆಯ ಕಡೆ ತಿರುಗಿದ. ಮಂಗಳ ಅಪ್ಪನನ್ನು ನೋಡಲಿಲ್ಲ, ಮಧುಶ್ರೀಯನ್ನೇ ನೋಡುತ್ತಿದ್ದಳು. ಮುಂದಿನ ಸಭೆ ಎಂದರೆ ಆರು ತಿಂಗಳು, ಅಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತದೆ, ಮಂಗಳ ಕಾಲರು ಹೊಲಿಯುವುದು ಕಲಿತಿರುತ್ತಾಳೆ. ಮಧುಶ್ರೀಗೆ ವಿಚಿತ್ರವೆನಿಸಿದ್ದು, ಆ ಗಳಿಗೆಯಲ್ಲಿ ತನಗೆ ಸಿಟ್ಟೂ ಇರಲಿಲ್ಲ, ಭಯವೂ ಇರಲಿಲ್ಲ ಎಂಬುದು. ತಿಂಗಳಿಂದ ಯಾವುದಕ್ಕೆ ಹೆದರಿ ಕನ್ನಡಿ ನೋಡಲೂ ಅಂಜುತ್ತಿದ್ದಳೋ ಅದು ತನ್ನ ಕೈಯಲ್ಲಿದ್ದ ಒಂದೇ ಒಂದು ವಸ್ತು, ಅದನ್ನು ಬಿಟ್ಟರೆ ಇವರನ್ನು ನಿಲ್ಲಿಸಲು ತನ್ನ ಹತ್ತಿರ ಇನ್ನೇನೂ ಇಲ್ಲ ಎಂಬುದು ಸ್ಪಷ್ಟವಾಗಿ ಕಂಡಿತು. ಮೈಕನ್ನು ಬಾಯಿಗೆ ಹತ್ತಿರ ಎಳೆದುಕೊಂಡಳು.

“ಹಧಿಕಾರಿಗಳೇ!”

ಮೈದಾನಕ್ಕೆ ಮೈದಾನವೇ ಹೋ ಎಂದಿತು. ಸ್ಟಾರ್ಟಾಗಿದ್ದ ಬೈಕುಗಳು ಆಫಾದವು. ಹೊರಗೆ ಹಾರಿದವರು ಒಳಗೆ ಹಾರಿದರು. ಶಿಳ್ಳೆ, ಚಪ್ಪಾಳೆ, ಕುರ್ಚಿ ಬಡಿತ. ಅವಳು ನಗು ಇಳಿಯುವ ತನಕ ಸುಮ್ಮನೆ ನಿಂತಳು. ಮುಖ ಉರಿಯುತ್ತಿತ್ತು, ಉರಿಯಲಿ ಎಂದು ಬಿಟ್ಟಳು. ಆಮೇಲೆ ಮತ್ತೆ ಅಂದಳು, “ಹಧಿಕಾರಿಗಳೇ, ಒಂದು ದಿನ ಈ ದಾರೀಲಿ ನಿಮ್ಮ ಮಗಳನ್ನ ಕಳಿಸ್ತೀರಾ?” ಮತ್ತೆ ನಗು, ಆದರೆ ಈ ಸಲ ಮಾತಿನ ಕೊನೆಯೂ ಕೇಳಿಸಿತು. ನೋಡಲ್ ಅಧಿಕಾರಿ ಫೋನನ್ನು ಮಗುಚಿ ಮೇಜಿನ ಮೇಲಿಟ್ಟರು. ಹಿಂದಿದ್ದವರಿಗೆ ಮುಂದಿದ್ದವರ ತಲೆ ಅಡ್ಡವಾಗಿ, ಒಬ್ಬೊಬ್ಬರೂ ತೋಳು ಪೂರ್ತಿ ಚಾಚಿ ಫೋನನ್ನು ಮೇಲೆತ್ತಿ ಹಿಡಿದರು.

ಪಿಡಿಒ ಮೇಡಂ ಗದ್ದಲದ ನಡುವೆ ಎದ್ದು, ಇದೇ ಸಮಯ ಎಂದು ಕಂಡಿತೋ ಏನೋ, ಜೋರಾಗಿ ಕೂಗಿದರು: “ಸಂಜೆ ಬಸ್ಸು ಊರೊಳಕ್ಕೆ ಬರಬೇಕು ಅನ್ನೋರು ಕೈ ಎತ್ತಿ!” ಕೂಗಿ ನೋಡಿದರೆ, ಎಲ್ಲ ಕೈಗಳೂ ಎತ್ತಿಯೇ ಇದ್ದವು. ಮೇಡಂ ಬೆರಳು ಆಡಿಸುತ್ತ ಸಾಲಿನಿಂದ ಸಾಲಿಗೆ ಎಣಿಸತೊಡಗಿದರು. ಕೈಯಲ್ಲಿ ಏನಿದೆ ಎಂದು ನೋಡಲಿಲ್ಲ, ಅಥವಾ ನೋಡಿಯೂ ನೋಡದವರಾದರು. ಮಧುಶ್ರೀ ಬಾಯಿ ತೆರೆದವಳು ಹಾಗೆಯೇ ಮುಚ್ಚಿಕೊಂಡಳು. ಒಬ್ಬ ಹುಡುಗ ಕೈ ಸೋತು ಫೋನು ಇಳಿಸಲು ಹೋದ. ಪಕ್ಕದಲ್ಲಿದ್ದ ನಟರಾಜು ಅವನ ಮೊಣಕೈ ಹಿಡಿದ.

“ಇಳಿಸ್ಬ್ಯಾಡ ಕಣ್ಲಾ. ಎಣಿಸ್ತಾವ್ರೆ.”

“ಯಾಕ್ಲಾ? ಏನ್ಕೆ?”

“ಬಸ್ಸಿಗೆ ಕಣ್ಲಾ ಬಡ್ಡೆತ್ತದೆ. ಎತ್ತು, ಎತ್ತು.”

ಆ ಹುಡುಗ ತಾನು ಏನಕ್ಕೆ ಎತ್ತಿದ್ದೇನೆಂದು ಈಗ ತಿಳಿದುಕೊಂಡವನ ಹಾಗೆ ಇನ್ನೊಂದು ಕೈಯನ್ನೂ ಎತ್ತಿದ. ಕೋರಂ ಇದೆ, ಒಪ್ಪಿಗೆ ಇದೆ, ಠರಾವು ಆಯಿತು ಎಂದು ಮೇಡಂ ಮೈಕಿನಲ್ಲಿ ಹೇಳುವಾಗ ಅರ್ಧ ಜನ ಆಗಲೇ ವಿಡಿಯೋ ಕಳಿಸುವುದರಲ್ಲಿ ಮುಳುಗಿದ್ದರು. ಇನ್ನು ಸ್ವಲ್ಪ ಹೊತ್ತಿಗೆ ಮತ್ತೆ ಲಕ್ಷ ಜನ ನಗುತ್ತಾರೆ. ಮಧುಶ್ರೀಗೆ ಅಳು ಬಂತು. ದುಃಖಕ್ಕೋ ಗೆದ್ದದ್ದಕ್ಕೋ ಎಂದು ಬಿಡಿಸಿ ನೋಡುವ ತಾಳ್ಮೆ ಅವಳಿಗಿರಲಿಲ್ಲ. ಕಂಬದ ಹತ್ತಿರ ಹೋಗಿ ಮಂಗಳಳ ಕೈ ಹಿಡಿದುಕೊಂಡು ನಿಂತಳು.

ಮನೆಯ ಕಡೆ ತಿರುಗಿದ್ದ ಮುತ್ತಯ್ಯ ಹೋಗಿರಲಿಲ್ಲ. ಜನ ಚದುರುವ ತನಕ ಬಿಸಿಲಿನಲ್ಲೇ ನಿಂತಿದ್ದು, ಆಮೇಲೆ ನಿಧಾನವಾಗಿ ಇಬ್ಬರ ಹತ್ತಿರ ಬಂದ. ಮಗಳನ್ನು ಬಿಟ್ಟು ಮಧುಶ್ರೀಯ ಮುಖವನ್ನೇ ನೋಡಿದ.

“ಮೊದ್ಲು ಸರ್ಯಾಗೇ ಅಂದೆ,” ಎಂದ. “ಆಮ್ಯಾಲೆ ಬೇಕಂತ್ಲೇ ಅಂದ್ಯಾ ಕೂಸು?”

ಅವಳು ಹೌದೆಂದು ತಲೆಯಾಡಿಸಿದಳು.

“ಎಲ್ರೂವೆ ನಗಾಡ್ತಾರೆ ಅಂತ ಗೊತ್ತಿದ್ದೂವೆ?”

ಅದಕ್ಕೂ ತಲೆಯಾಡಿಸಿದಳು. ಮುತ್ತಯ್ಯ ಟವೆಲ್ಲು ತೆಗೆದು ಕೊಡವಿದ, ಮತ್ತೆ ಹೆಗಲಿಗೆ ಹಾಕಿಕೊಂಡ, ಮೈದಾನದಲ್ಲಿ ಉರುಳಿ ಬಿದ್ದಿದ್ದ ಕುರ್ಚಿಯೊಂದನ್ನು ಎತ್ತಿ ನೆಟ್ಟಗೆ ನಿಲ್ಲಿಸಿದ.

“ಬಸ್ಸು ಬರೋಗಂಟ ಸಂಜೆ ಒತ್ತು ನಾನೇ ಗೇಟ್‌ತಾವ ಬಂದು ನಿಂತ್ಕತೀನಿ,” ಎಂದ ಕೊನೆಗೆ. “ಯಾವನು ಫೋನ್ ಎತ್ತಾನೋ ನೋಡ್ತೀನಿ. ಇಬ್ರೂವೆ ಒಟ್ಗೆ ಇಳೀರಿ.”

ಮಂಗಳ ಮಧುಶ್ರೀಯ ಕೈಯನ್ನು ಉಗುರು ನಾಟುವ ಹಾಗೆ ಹಿಡಿದಳು. ಮಧುಶ್ರೀ ಮೂಗು ಒರೆಸಿಕೊಂಡಳು.

“ಊಂ ಕಣ್ ಮಾವ,” ಎಂದಳು. “ಸೋಮಾರ ಬೆಳಗ್ಗೆ ನಾನೇ ಬಂದು ಕರ್ಕಂಡ್ ಓಯ್ತೀನಿ.”